ಬುದ್ಧನಿಗೆ ಬೆನ್ನು ಹಾಕಿ



ಮೈಸೂರಿನಿಂದ ಮಡಿಕೇರಿಗೆ ಹೊರಟವರು ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡದೆ ಮುಂದೆ ಹೋಗುವುದು ಕಡಿಮೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ನಡುವೆ 60 ಅಡಿಯ ಬುದ್ಧ, ಅಕ್ಕಪಕ್ಕದಲ್ಲಿ ಬೌದ್ಧ ಗುರು ಪದ್ಮಸಂಭವ, ದೀರ್ಘಾಯುಷ್ಯದ ಬುದ್ಧ ಅಮಿತಾಯುಸ್. ಮರುಕ್ಷಣವೇ ನಾವು ಮಾಡುವುದೇನು? ಆ ಬುದ್ಧನಿಗೆ ಬೆನ್ನು ಹಾಕಿ ಸೆಲ್ಫಿಗೆ ನಗುತ್ತೇವೆ! ಅತ್ತ ಕೆಂಪು ವಸ್ತ್ರದ ಭಿಕ್ಷುಗಳ ಪಠಣ ತನ್ನ ಪಾಡಿಗೆ ಸಾಗಿರುತ್ತದೆ.

ತಾಯ್ನಾಡು ಟಿಬೆಟ್ ಬಿಟ್ಟು ಬಂದ ಬೌದ್ಧ ಗುರು ಪೆನೊರ್ ರಿಂಪೋಚೆ 1963ರಲ್ಲಿ ಇಲ್ಲಿ ಈ ಮಠಕ್ಕೆ ಅಡಿಪಾಯ ಹಾಕಿದಾಗ ಇದ್ದದ್ದು ಬಿದಿರಿನ ಪುಟ್ಟ ಗುಡಿ, ಸುತ್ತಲೂ ಕಾಡು. ಚಿನ್ನದ ಬಣ್ಣ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಆ ಬಿದಿರು ಫೋಟೊದಲ್ಲಿ ಕಾಣುವುದಿಲ್ಲ, ಬಿಡಿ.

ಬೇರೆ ಕಡೆ ಪ್ರವಾಸಿಗರಿಗೆ ಕಟ್ಟುಪಾಡುಗಳಿವೆ. ವ್ಯಾಟಿಕನ್ ಸಿಟಿಯ ಸೇಂಟ್ ಪೀಟರ್ಸ್ ಚರ್ಚಿನಲ್ಲಿ ಹೆಗಲು, ಮಂಡಿ ಮುಚ್ಚಿರದಿದ್ದರೆ ಬಾಗಿಲಲ್ಲೇ ತಡೆಯುತ್ತಾರೆ. ವೆನಿಸ್ ನಗರವಂತೂ 2024ರಿಂದ ಜನಜಂಗುಳಿಯ ದಿನಗಳಲ್ಲಿ, ಬೆಳಿಗ್ಗೆ ಬಂದು ಸಂಜೆ ಹೋಗುವವರಿಂದ ಶುಲ್ಕ ವಸೂಲಿ ಮಾಡುತ್ತಿದೆ. ಬೈಲಕುಪ್ಪೆಯಲ್ಲಿ ಪ್ರವೇಶಕ್ಕೆ ದುಡ್ಡಿಲ್ಲ. ನನಗೇನೋ ಇದೇ ಹಿಡಿಸುತ್ತದೆ.

ಇವತ್ತು ಅತ್ತ ಹೊರಟಿದ್ದರೆ ಪಠಣ ನಡೆಯುವಾಗ ಮೊಬೈಲ್ ಜೇಬಿನಲ್ಲಿರಲಿ. ಪ್ರಾರ್ಥನಾ ಚಕ್ರಗಳನ್ನು ತಿರುಗಿಸುವಾಗ, ನಮ್ಮ ಗುಡಿಯ ಪ್ರದಕ್ಷಿಣೆಯ ಹಾಗೆಯೇ, ಎಡದಿಂದ ಬಲಕ್ಕೆ ಸಾಗಿ.