ಬಟನ್ ಫೋನೋ, ಟಚ್ ಫೋನೋ?

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನೂ ಪೋಷಕರನ್ನೂ ಉದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)



ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ ನಾನು. ವೇದಿಕೆ ಸಿಕ್ಕರೆ ಭಾಷೆಯ ಬಗ್ಗೆಯೇ ಮಾತನಾಡಬೇಕೆಂಬ ಆಸೆ. ಆದರೆ ಕಳೆದ ಬೇಸಿಗೆಯಲ್ಲಿ ಒಬ್ಬ ತಂದೆ ಕೇಳಿದ ಒಂದು ಪ್ರಶ್ನೆ ಇಂದಿಗೂ ನನ್ನ ಬೆನ್ನು ಬಿಟ್ಟಿಲ್ಲ. ಆದ್ದರಿಂದ ಇಂದು ಅದನ್ನೇ ನಿಮ್ಮ ಮುಂದಿಡುತ್ತೇನೆ.

ಅವರು ಟೈಲರ್. ಅವರ ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿ ಪಿಯುಸಿ ವಿಜ್ಞಾನಕ್ಕೆ ಸೇರುವವಳಿದ್ದಳು. ಟಿ.ಸಿ. ತೆಗೆದುಕೊಳ್ಳಲು ಬಂದವರು ಬಾಗಿಲ ಬಳಿ ನಿಂತು ಕೇಳಿದರು: "ಮಾಸ್ಟರ್ ಸಾಬ್, ಕಾಲೇಜಿಗೆ ಬಸ್ಸಿನಲ್ಲಿ ಹೋಗಬೇಕು. ಮಗಳಿಗೆ ಫೋನ್ ಬೇಕಂತೆ. ಟಚ್ ಫೋನ್ ಕೊಡಿಸಲೋ, ಬಟನ್ ಫೋನೇ ಸಾಕೋ?"

ನಾನು ಒಂದು ಕ್ಷಣವೂ ಯೋಚಿಸದೆ ಹೇಳಿಬಿಟ್ಟೆ: "ಬಟನ್ ಫೋನ್ ಸಾಕು ಸಾಬ್. ಟಚ್ ಫೋನ್ ಕೊಟ್ಟರೆ ಓದು ಹಾಳಾಗುತ್ತದೆ." ಅವರು ಸಮಾಧಾನದಿಂದ ಹೋದರು. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ನನಗೆ ನೆನಪಾಯಿತು. ಎರಡು ವರ್ಷಗಳ ಹಿಂದೆ ಇದೇ ತಂದೆಯ ಮಗ ನಮ್ಮ ಶಾಲೆಯಿಂದಲೇ ಪಾಸಾಗಿ ಹೋಗಿದ್ದ. ಅವನ ಕೈಯಲ್ಲಿ ಹೊಸ ಸ್ಮಾರ್ಟ್‌ಫೋನ್ ನೋಡಿ "ಮುಬಾರಕ್" ಎಂದಿದ್ದವನೂ ನಾನೇ. ಆಗ ಆ ತಂದೆ ನನ್ನನ್ನು ಏನೂ ಕೇಳಿರಲಿಲ್ಲ. ನಾನೂ ಏನೂ ಹೇಳಿರಲಿಲ್ಲ. ನನ್ನ ಉತ್ತರ ಸರಿಯೋ ತಪ್ಪೋ, ಅದು ಬೇರೆ ಮಾತು. ಆದರೆ ಕೇಳಿದ್ದು ಹುಡುಗಿಯ ಬಗ್ಗೆ ಎಂಬ ಕಾರಣಕ್ಕೆ ಅದು ಅಷ್ಟು ಬೇಗ ನಾಲಿಗೆಗೆ ಬಂತಲ್ಲ, ಅದು ನನ್ನನ್ನು ಚುಚ್ಚಿತು.

ಇದು ನಮ್ಮ ಮೊಹಲ್ಲಾದ ಮಾತು ಮಾತ್ರವಲ್ಲ. ಗ್ರಾಮೀಣ ಭಾರತದ 14ರಿಂದ 18 ವರ್ಷದವರ ಕುರಿತ 2023ರ 'ಅಸರ್' ವರದಿಯ ಪ್ರಕಾರ, ಸ್ಮಾರ್ಟ್‌ಫೋನ್ ಬಳಸಲು ಬಲ್ಲ ಹುಡುಗರಲ್ಲಿ ಶೇ. 43.7 ಮಂದಿಗೆ ಸ್ವಂತ ಫೋನ್ ಇತ್ತು. ಹುಡುಗಿಯರಲ್ಲಿ ಶೇ. 19.8 ಮಂದಿಗೆ ಮಾತ್ರ. ಫೋನ್ ಮನೆಯಲ್ಲಿದೆ, ಆದರೆ ಅದು ಅಣ್ಣನ ಜೇಬಿನಲ್ಲಿದೆ ಎಂಬುದು ಇದರ ಅರ್ಥ.

ಹಾಗಾದರೆ ಎಲ್ಲ ಮಕ್ಕಳಿಗೂ ಸ್ಮಾರ್ಟ್‌ಫೋನ್ ಕೊಡಿಸಿಬಿಡಬೇಕೇ? ಅದನ್ನೂ ನಾನು ಹೇಳಲಾರೆ. 14ರಿಂದ 16 ವರ್ಷದ ಮಕ್ಕಳ ಬಗ್ಗೆ 2024ರ ಅಸರ್ ವರದಿ ಇನ್ನೊಂದು ಸತ್ಯವನ್ನು ಹೇಳುತ್ತದೆ. ಸಮೀಕ್ಷೆಯ ಹಿಂದಿನ ವಾರದಲ್ಲಿ ಓದಿಗಾಗಿ ಸ್ಮಾರ್ಟ್‌ಫೋನ್ ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಕ್ಕಾಗಿ ಬಳಸಿದವರು ಶೇ. 76. ವಿದ್ಯಾರ್ಥಿಗಳೇ, ಈ ಎರಡು ಅಂಕಿಗಳಲ್ಲಿ ನೀವು ಯಾವ ಕಡೆ ಇದ್ದೀರಿ ಎಂದು ನಾನು ಕೇಳುವುದಿಲ್ಲ. ನಿಮ್ಮನ್ನು ನೀವೇ ಕೇಳಿಕೊಳ್ಳಿ.

ಆದ್ದರಿಂದ ಯಾವ ಫೋನ್ ಎಂದು ಕೇಳುವ ಮೊದಲು, ಯಾವ ಕೆಲಸಕ್ಕೆ ಎಂದು ಕೇಳಬೇಕು. ಒಂದು ಹಾಳೆ ತೆಗೆದುಕೊಂಡು ಕೆಲಸಗಳ ಪಟ್ಟಿ ಮಾಡೋಣ.

ಮೊದಲನೆಯದು, ಮಾತು. ಬಸ್ ತಪ್ಪಿತು, ತಡವಾಗುತ್ತದೆ ಎಂದು ಮನೆಗೆ ತಿಳಿಸುವುದು. ಇದಕ್ಕೆ ಬಟನ್ ಫೋನ್ ಸಾಕು. ನೋಕಿಯಾ ಕಂಪನಿ 2003ರಲ್ಲಿ ತಂದ 1100 ಎಂಬ ಫೋನ್ ಹಿರಿಯರಿಗೆ ನೆನಪಿರಬಹುದು. ತುದಿಯಲ್ಲಿ ಟಾರ್ಚ್ ಇದ್ದ ಆ ಫೋನ್ ಪ್ರಪಂಚದಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಜನಕ್ಕೆ ಬೇಕಾಗಿದ್ದುದು ಮಾತು, ಬೆಳಕು ಮತ್ತು ದಿನಗಟ್ಟಲೆ ನಿಲ್ಲುವ ಬ್ಯಾಟರಿ. ಇಂದಿಗೂ ಬಟನ್ ಫೋನಿನ ಬಲ ಅದೇ.

ಆದರೆ ಅಂಗಡಿಯಲ್ಲಿ ಒಂದು ಮಾತು ಕೇಳಿ ಕೊಳ್ಳಿರಿ: ಇದು 4ಜಿ ಬಟನ್ ಫೋನೋ, ಬರೀ 2ಜಿಯದೋ? 2016ರಲ್ಲಿ ಸೇವೆ ಆರಂಭಿಸಿದ ಜಿಯೋಗೆ 2ಜಿ ಜಾಲವೇ ಇಲ್ಲ. ಅದರ ಸಿಮ್ 2ಜಿ ಫೋನಿನಲ್ಲಿ ಕೆಲಸ ಮಾಡುವುದಿಲ್ಲ. ಮನೆಯ ಹಳೆಯ ಫೋನನ್ನು ಮಗಳಿಗೆ ಕೊಟ್ಟು, ಸಿಮ್ ಹಿಡಿಯುತ್ತಿಲ್ಲ ಎಂದು ಪರದಾಡಿದವರನ್ನು ಕಂಡಿದ್ದೇನೆ.

ಎರಡನೆಯದು, ಓಟಿಪಿ. ವಿದ್ಯಾರ್ಥಿವೇತನದ ಅರ್ಜಿ, ಆಧಾರ್, ಬ್ಯಾಂಕ್ ಖಾತೆ, ಪ್ರವೇಶ ಪರೀಕ್ಷೆ, ಎಲ್ಲಕ್ಕೂ ಓಟಿಪಿ ಬೇಕು. ಅದು ಎಸ್ಸೆಮ್ಮೆಸ್ ಆಗಿ ಬಟನ್ ಫೋನಿಗೂ ಬರುತ್ತದೆ. ಇಲ್ಲಿ ಫೋನಿಗಿಂತ ಮುಖ್ಯವಾದದ್ದು ನಂಬರ್. ನಮ್ಮ ಅನೇಕ ಮನೆಗಳಲ್ಲಿ ಆಧಾರಿಗೆ ಕೊಟ್ಟ ನಂಬರ್ ಯಾವುದೋ ಕಾಲದ್ದು. ಆಫರ್ ಸಿಕ್ಕಾಗ ಹೊಸ ಸಿಮ್, ಕರೆನ್ಸಿ ಮುಗಿದಾಗ ಮತ್ತೊಂದು ಸಿಮ್. 90 ದಿನ ಬಳಸದೇ ಬಿಟ್ಟ ನಂಬರನ್ನು ಕಂಪನಿ ಹಿಂದಕ್ಕೆ ಪಡೆದು, ಮುಂದೆ ಇನ್ನೊಬ್ಬರಿಗೆ ಕೊಡಬಹುದು. ಆಗ ನಿಮ್ಮ ಓಟಿಪಿ ಅಪರಿಚಿತರ ಕೈ ಸೇರುತ್ತದೆ. ಅರ್ಜಿಯ ಕೊನೆಯ ದಿನದಂದು ಆಧಾರ್ ಕೇಂದ್ರದ ಸಾಲಿನಲ್ಲಿ ನಿಂತು ಅಳುವ ಮಕ್ಕಳನ್ನು ಪ್ರತಿವರ್ಷ ನೋಡುತ್ತೇನೆ. ಅವರಿಗೆ ಇಪ್ಪತ್ತು ಸಾವಿರದ ಫೋನ್ ಬೇಕಿರಲಿಲ್ಲ. ಜೀವಂತವಾಗಿರುವ ಒಂದು ನಂಬರ್ ಬೇಕಿತ್ತು.

ಮೂರನೆಯದು, ಹಣ. ಯುಪಿಐಗೆ ಸ್ಮಾರ್ಟ್‌ಫೋನೇ ಬೇಕು ಎಂದು ಬಹಳ ಜನ ತಿಳಿದಿದ್ದಾರೆ. ಬಟನ್ ಫೋನಿನಲ್ಲಿ *99# ಒತ್ತಿಯೂ ಹಣ ಕಳಿಸಬಹುದು. 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಇಂಥ ಫೋನುಗಳಿಗೆಂದೇ 'ಯುಪಿಐ 123ಪೇ' ಸೌಲಭ್ಯವನ್ನು ತಂದಿತು. ವೇಗ ಕಡಿಮೆ ನಿಜ, ಆದರೆ ದಾರಿ ಇದೆ.

ನಾಲ್ಕನೆಯದು, ಓದು. ಇಲ್ಲಿ ಬಟನ್ ಫೋನ್ ಸೋಲುತ್ತದೆ. ಕಾಲೇಜಿನ ನೋಟ್ಸ್ ವಾಟ್ಸಾಪ್ ಗುಂಪಿನಲ್ಲಿ ಬರುತ್ತದೆ. 2018ರಲ್ಲಿ ಜಿಯೋಫೋನಿನಂಥ ಬಟನ್ ಫೋನುಗಳಿಗೂ ವಾಟ್ಸಾಪ್ ಬಂದಿತ್ತು. 2025ರಲ್ಲಿ ಅದೂ ನಿಂತುಹೋಯಿತು. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನ ಒಂದು ಬಾರಿಯ ನೋಂದಣಿಗೆ ಮುಖ ತೋರಿಸಿ ದೃಢೀಕರಿಸುವ ಆ್ಯಪ್ ಬಂದಿದೆ, ಅದಕ್ಕೆ ಆಂಡ್ರಾಯ್ಡ್ ಫೋನ್ ಬೇಕು. ನನ್ನ ವಿಷಯವನ್ನೇ ತೆಗೆದುಕೊಳ್ಳಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ಸಿದ್ಧಪಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು 2019ರಿಂದ 'ಅಲರ್' ಎಂಬ ಹೆಸರಿನಲ್ಲಿ ಉಚಿತವಾಗಿ ಸಿಗುತ್ತಿದೆ. ಉರ್ದುವಿಗೆ ರೇಖ್ತಾದ ನಿಘಂಟು ಇದೆ. ಉರ್ದು ಲಿಪಿಯಲ್ಲಿ ಒಂದು ಸಂದೇಶ ಕಳಿಸಿದರೆ ಬಹುತೇಕ ಬಟನ್ ಫೋನುಗಳಲ್ಲಿ ಬರೀ ಚೌಕಗಳು ಕಾಣುತ್ತವೆ. ಹೀಗಾಗಿ ನಮ್ಮ ಮಕ್ಕಳು ಉರ್ದುವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಬರೆದು ತಮ್ಮ ಲಿಪಿಯನ್ನೇ ಮರೆಯುತ್ತಿದ್ದಾರೆ. ಸ್ಮಾರ್ಟ್‌ಫೋನಿನಲ್ಲಿ ಉರ್ದು, ಕನ್ನಡ ಎರಡೂ ಕೀಲಿಮಣೆಗಳನ್ನು ಹಾಕಿಕೊಳ್ಳಬಹುದು. ಫೋನ್ ಇರುವವರು ಇಂದೇ ಹಾಕಿಕೊಳ್ಳಿ ಎಂಬುದು ನನ್ನ ವಿನಂತಿ.

ಓದಿನ ಮಾತು ಬಂದಾಗ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಲೇಬೇಕು. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ನಾನು ತರಗತಿಯ ವಾಟ್ಸಾಪ್ ಗುಂಪು ಮಾಡಿ ಪಾಠ ಕಳಿಸತೊಡಗಿದೆ. ಉತ್ತರಿಸದ ಮಕ್ಕಳ ಹೆಸರಿನ ಮುಂದೆ 'ಗೈರು' ಎಂದು ಬರೆದುಕೊಂಡೆ. ವಿದ್ಯಾಗಮಕ್ಕಾಗಿ ಮನೆಮನೆಗೆ ಹೋದಾಗಲೇ ನಿಜ ತಿಳಿದದ್ದು. ಗೈರಾದ ಒಬ್ಬ ಹುಡುಗಿ ಪಕ್ಕದ ಮನೆಯ ಟಿ.ವಿ.ಯಲ್ಲಿ ಚಂದನ ವಾಹಿನಿಯ 'ಸಂವೇದ' ಪಾಠಗಳನ್ನು ನೋಡಿ ಒಂದು ನೋಟ್‌ಬುಕ್ ಪೂರ್ತಿ ತುಂಬಿಸಿದ್ದಳು. ಅವಳ ಅಮ್ಮಿಯ ಬಳಿ ಇದ್ದದ್ದು ಬಟನ್ ಫೋನ್. ಒಂದು ಕರೆ ಮಾಡಿದ್ದರೆ ಸಾಕಿತ್ತು, ನಾನು ಮಾಡಿರಲಿಲ್ಲ. ಶಿಕ್ಷಕ ಬಂಧುಗಳೇ, ಗುಂಪಿಗೆ ಹಾಕಿದೊಡನೆ ಎಲ್ಲರಿಗೂ ತಲುಪಿತು ಎಂದು ತಿಳಿಯಬೇಡಿ.

ಈಗ ಲೆಕ್ಕಕ್ಕೆ ಬರೋಣ. ಸಾಧಾರಣ ಸ್ಮಾರ್ಟ್‌ಫೋನಿಗೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. 28 ದಿನದ ಪ್ಯಾಕ್ ಆದರೆ ವರ್ಷಕ್ಕೆ 12 ಅಲ್ಲ, 13 ಬಾರಿ ಹಾಕಿಸಬೇಕು. ಸಲಕ್ಕೆ 300 ರೂಪಾಯಿಯಂತೆ ವರ್ಷಕ್ಕೆ 3,900. ಮೂರು ವರ್ಷಕ್ಕೆ ಫೋನೂ ಸೇರಿ 21,700 ರೂಪಾಯಿ. 4ಜಿ ಬಟನ್ ಫೋನಿಗೆ 1,500 ಎನ್ನಿ. ಡೇಟಾ ಬೇಡದವರಿಗೆ ಮಾತು ಮತ್ತು ಎಸ್ಸೆಮ್ಮೆಸ್ ಮಾತ್ರದ ಪ್ಯಾಕ್ ಕೊಡಲೇಬೇಕೆಂದು 2024ರ ಡಿಸೆಂಬರ್‌ನಲ್ಲಿ ಟ್ರಾಯ್ ನಿಯಮ ಮಾಡಿತು. 2025ರ ಆರಂಭದಲ್ಲಿ ಇಂಥ ವಾರ್ಷಿಕ ಪ್ಯಾಕುಗಳು 2,000 ರೂಪಾಯಿಯೊಳಗೆ ಸಿಕ್ಕವು. ಆ ಲೆಕ್ಕದಲ್ಲಿ ಮೂರು ವರ್ಷಕ್ಕೆ 7,500. ವ್ಯತ್ಯಾಸ 14,200 ರೂಪಾಯಿ. ಒಬ್ಬ ಟೈಲರ್ ಈ ಹಣಕ್ಕಾಗಿ ಎಷ್ಟು ಬಟ್ಟೆ ಹೊಲಿಯಬೇಕು ಎಂದು ಮಕ್ಕಳು ಯೋಚಿಸಬೇಕು. ಇಸ್ರಾಫ್, ಅಂದರೆ ದುಂದುಗಾರಿಕೆ, ಮದುವೆಮನೆಯ ಊಟದಲ್ಲಿ ಮಾತ್ರ ಆಗುವುದಿಲ್ಲ.

ಸ್ಮಾರ್ಟ್‌ಫೋನ್ ಕೊಳ್ಳುವುದೇ ಎಂದು ತೀರ್ಮಾನಿಸಿದರೆ ಕೆಲವು ಮಾತು ನೆನಪಿಡಿ. ರ್‍ಯಾಮ್ ಎಂದರೆ ಓದುವ ಮೇಜು, ಸ್ಟೋರೇಜ್ ಎಂದರೆ ಪುಸ್ತಕದ ಕಪಾಟು. ಮೇಜು ಚಿಕ್ಕದಾದರೆ ಕೆಲಸ ಸಿಕ್ಕಿಬೀಳುತ್ತದೆ, ಕಪಾಟು ತುಂಬಿದರೆ ಹೊಸದನ್ನು ಇಡಲಾಗುವುದಿಲ್ಲ. 4 ಜಿಬಿ ರ್‍ಯಾಮ್, 64 ಜಿಬಿ ಸ್ಟೋರೇಜಿಗಿಂತ ಕಡಿಮೆಯದು ಬೇಡ. ಕ್ಯಾಮೆರಾದ ಮೆಗಾಪಿಕ್ಸೆಲ್ ನೋಡಿ ಮರುಳಾಗಬೇಡಿ. ಎಷ್ಟು ವರ್ಷ ಸುರಕ್ಷತಾ ಅಪ್‌ಡೇಟ್ ಕೊಡುತ್ತಾರೆ ಎಂದು ಕೇಳಿ. ಅಪ್‌ಡೇಟ್ ನಿಂತ ಫೋನಿನಲ್ಲಿ ಹಣದ ವ್ಯವಹಾರ ಅಪಾಯಕಾರಿ. 5ಜಿ ನಮ್ಮ ದೇಶಕ್ಕೆ ಬಂದದ್ದು 2022ರ ಅಕ್ಟೋಬರ್‌ನಲ್ಲಿ. ನಿಮ್ಮ ಊರಿನಲ್ಲಿ ಅದರ ಸಿಗ್ನಲ್ ಇಲ್ಲದಿದ್ದರೆ ಅದಕ್ಕಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ. ಓದಿಗೆ ಬೇಕಾದದ್ದು 4ಜಿಯಲ್ಲೇ ಆಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದು ತಪ್ಪಲ್ಲ, ಆದರೆ ಬಿಲ್ ಕೇಳಿ. *#06# ಒತ್ತಿದರೆ 15 ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ಅದನ್ನು ಸರ್ಕಾರದ 'ಸಂಚಾರ ಸಾಥಿ' ಪೋರ್ಟಲಿನಲ್ಲಿ ಪರೀಕ್ಷಿಸಿ. ಕದ್ದ ಫೋನ್ ಅಗ್ಗವಾಗಿ ಸಿಕ್ಕಿತೆಂದು ಕೊಂಡರೆ ಅದು ಹಲಾಲ್ ಆಗುವುದಿಲ್ಲ. ಬಡ್ಡಿಯಿಲ್ಲದ ಕಂತು ಎಂಬ ಫಲಕ ಕಂಡಾಗಲೂ ಕಾಗದವನ್ನು ಓದಿ. ಸಂಸ್ಕರಣಾ ಶುಲ್ಕ ಎಷ್ಟು, ಪೂರ್ತಿ ಹಣ ಕೊಟ್ಟರೆ ಎಷ್ಟು ಕಡಿಮೆ, ಒಂದು ಕಂತು ತಪ್ಪಿದರೆ ದಂಡ ಎಷ್ಟು? ಹೆಸರಿನಲ್ಲಿ ಬಡ್ಡಿ ಇಲ್ಲದಿದ್ದರೂ ಲೆಕ್ಕದಲ್ಲಿ ಇರಬಹುದು. ಸಾಧ್ಯವಾದರೆ ಆರು ತಿಂಗಳು ಕೂಡಿಟ್ಟು ಕೊಳ್ಳಿ.

ಫೋನ್ ಕೈಗೆ ಬಂದ ಮೇಲೆ ಅದರ ಅದಬ್ ಕೂಡ ಬೇಕು. ಕುರ್‌ಆನಿನ ಅಲ್-ಅಸ್ರ್ ಸೂರಾ ಆರಂಭವಾಗುವುದೇ ಕಾಲದ ಆಣೆಯಿಂದ. ರಾತ್ರಿ ಎರಡು ಗಂಟೆಯವರೆಗೆ ರೀಲ್ಸ್ ನೋಡಿ ಫಜ್ರ್ ಕಳೆದುಕೊಳ್ಳುವವನು ಯಾವ ನಷ್ಟದಲ್ಲಿದ್ದಾನೆಂದು ನಾನು ವಿವರಿಸಬೇಕಾಗಿಲ್ಲ. ಸುದ್ದಿ ಬಂದಾಗ ಪರಿಶೀಲಿಸಿ ನೋಡಬೇಕೆಂದು ಅಲ್-ಹುಜುರಾತ್ ಸೂರಾ ಕಲಿಸುತ್ತದೆ. ಫಾರ್ವರ್ಡ್ ಒತ್ತುವ ಬೆರಳಿಗೂ ಆ ಪಾಠ ಅನ್ವಯಿಸುತ್ತದೆ. ಓಟಿಪಿಯನ್ನು ಯಾರಿಗೂ ಹೇಳಬೇಡಿ. ಹಣ ಹೋದರೆ ನಾಚಿಕೆಪಟ್ಟು ಸುಮ್ಮನಿರದೆ ತಕ್ಷಣ 1930ಕ್ಕೆ ಕರೆ ಮಾಡಿ.

ಕೊನೆಗೆ ಆ ಟೈಲರ್ ತಂದೆಯ ಮಾತು. ಒಂದು ವಾರದ ನಂತರ ನಾನೇ ಅವರ ಅಂಗಡಿಗೆ ಹೋದೆ. "ಸಾಬ್, ಅಂದು ನಾನು ಅವಸರದಲ್ಲಿ ಹೇಳಿದೆ. ಮಗನಿಗೆ ಫೋನ್ ಕೊಡಿಸುವಾಗ ಈ ಪ್ರಶ್ನೆ ಕೇಳಿದ್ದಿರಾ?" ಎಂದೆ. ಅವರು ಹೊಲಿಗೆ ನಿಲ್ಲಿಸಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ ಮಾಸ್ಟರ್ ಸಾಬ್" ಎಂದರು. ನಂತರ ಮನೆಯವರೆಲ್ಲ ಕೂತು ಒಂದು ತೀರ್ಮಾನಕ್ಕೆ ಬಂದರು. ಮಗಳ ಕೈಗೆ ಅವಳಿಗೆಂದೇ ಮೀಸಲಾದ ನಂಬರ್ ಇರುವ 4ಜಿ ಬಟನ್ ಫೋನ್. ಆಧಾರ್, ಬ್ಯಾಂಕ್, ವಿದ್ಯಾರ್ಥಿವೇತನ ಎಲ್ಲಕ್ಕೂ ಅದೇ ನಂಬರ್. ಮಗನ ಸ್ಮಾರ್ಟ್‌ಫೋನ್ ಸಂಜೆ ಏಳರಿಂದ ಒಂಬತ್ತರವರೆಗೆ ಮನೆಯ ನಡುಮನೆಯಲ್ಲಿ, ತಂಗಿಯ ಓದಿಗೆ. ಮೊದಮೊದಲು ಮಗ ಮುನಿಸಿಕೊಂಡನಂತೆ. ಆ ಎರಡು ಗಂಟೆ ಅವನೂ ಪುಸ್ತಕ ಹಿಡಿಯುತ್ತಿದ್ದಾನೆಂದು ತಂದೆ ಈಚೆಗೆ ಹೇಳಿದರು. ಈ ವರ್ಷ ಅವಳ ವಿದ್ಯಾರ್ಥಿವೇತನದ ಅರ್ಜಿಯನ್ನು ಅವಳೇ ತುಂಬಿದಳು. ಓಟಿಪಿ ಅವಳ ಕೈಗೇ ಬಂತು.

ಇದೇ ಎಲ್ಲ ಮನೆಗೂ ಉತ್ತರ ಎಂದು ನಾನು ಹೇಳುವುದಿಲ್ಲ. ನಿಮ್ಮ ಮಗಳು ನೀಟ್ ತಯಾರಿ ನಡೆಸುತ್ತಿದ್ದರೆ ಅವಳಿಗೇ ಸ್ಮಾರ್ಟ್‌ಫೋನ್ ಬೇಕಾದೀತು. ನಿಮ್ಮ ಮಗ ಒಂಬತ್ತನೇ ತರಗತಿಯಲ್ಲಿದ್ದರೆ ಬಟನ್ ಫೋನೂ ಬೇಡವಾದೀತು. ನನ್ನ ವಿನಂತಿ ಇಷ್ಟೇ: ಪ್ರಶ್ನೆಯನ್ನು ಕೆಲಸದ ಮೇಲೆ ಕೇಳಿ, ಹುಡುಗನೋ ಹುಡುಗಿಯೋ ಎಂಬುದರ ಮೇಲೆ ಬೇಡ. ಮಗನಿಗೆ ಒಂದು ತಕ್ಕಡಿ, ಮಗಳಿಗೆ ಇನ್ನೊಂದು ತಕ್ಕಡಿ ಇಟ್ಟವರು ನಾಳೆ ಅಲ್ಲಾಹನ ಮುಂದೆ ಲೆಕ್ಕ ಕೊಡಬೇಕಾಗುತ್ತದೆ. ಆ ಲೆಕ್ಕದಲ್ಲಿ ಶಿಕ್ಷಕನಾದ ನಾನೂ ಇದ್ದೇನೆ.

ಜ್ಞಾನದ ಸಾಧನವನ್ನು ಜ್ಞಾನಕ್ಕಾಗಿಯೇ ಬಳಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ, ಆಮೀನ್.