ಕಾಣದ ಗಾಯ, ವಿಮೆ ಮತ್ತು ಶಿಕ್ಷಕರ ಟಿಪ್ಪಣಿ



ಕೆಲವು ವರ್ಷಗಳ ಹಿಂದೆ ಕಾಸರಗೋಡಿನ ಕಡೆಯ ಒಂದು ಶಾಲೆಗೆ ಭೇಟಿ ನೀಡಿದ್ದೆ. ನಾಲ್ಕನೆಯ ತರಗತಿಯ ಬಾಲಕಿಯೊಬ್ಬಳು ರಸ್ತೆಯಲ್ಲಿ ಹಾರ್ನ್ ಕೇಳಿದೊಡನೆ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಸರಿಯುತ್ತಿದ್ದಳು. ಎರಡು ತಿಂಗಳ ಹಿಂದೆ ಅವಳು ಕುಳಿತಿದ್ದ ಕಾರಿಗೆ ಲಾರಿ ಬಡಿದಿತ್ತು. ಮೊಣಕೈಯ ತರಚುಗಾಯ ವಾರದಲ್ಲೇ ಮಾಗಿದ್ದರಿಂದ ಮಗುವಿಗೆ ಏನೂ ಆಗಿಲ್ಲವೆಂದು ಎಲ್ಲರೂ ಸಮಾಧಾನಪಟ್ಟಿದ್ದರು. ಆಸ್ಪತ್ರೆಯ ಕಾಗದವೂ ಅದನ್ನೇ ಹೇಳುತ್ತಿತ್ತು.

ತಪ್ಪೆಸಗಿದ ವಾಹನದ ಕಡ್ಡಾಯ ಥರ್ಡ್ ಪಾರ್ಟಿ ವಿಮೆಯಿಂದ ಪರಿಹಾರ ಕೋರಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ನೋವು, ಮಾನಸಿಕ ಆಘಾತಗಳೂ ಪರಿಹಾರಕ್ಕೆ ಅರ್ಹವೆಂಬುದನ್ನು ನ್ಯಾಯಾಲಯಗಳು ಒಪ್ಪಿವೆ. ಆದರೆ ಮಕ್ಕಳ ಬಗ್ಗೆ 2013ರಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಅಳತೆ ಶಾಶ್ವತ ಅಂಗವೈಕಲ್ಯದ ಶೇಕಡಾವಾರನ್ನು ಆಧರಿಸಿತ್ತು: 10ಕ್ಕಿಂತ ಹೆಚ್ಚಿದ್ದು 30ರವರೆಗೆ 3 ಲಕ್ಷ ರೂಪಾಯಿ, 90ನ್ನು ಮೀರಿದರೆ 6 ಲಕ್ಷ. ಮೂಳೆ ಮುರಿಯದೆ ಉಳಿದ ಭಯಕ್ಕೆ ಯಾವ ಶೇಕಡಾವಾರು? ಅಂಥ ಭಯವನ್ನು ಚಿಕಿತ್ಸೆಯ ದಾಖಲೆಗಳಿಂದಲೇ ರುಜುವಾತುಪಡಿಸಬೇಕು.

ಕುಟುಂಬದ ಆರೋಗ್ಯ ವಿಮೆಯಿದ್ದರೆ ಅದು ಬೇರೆಯೇ ದಾರಿ. ದೈಹಿಕ ಕಾಯಿಲೆಯಂತೆಯೇ ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ವಿಮೆ ಒದಗಿಸಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ವಿಧಿಸಿದೆ. ಆದರೂ ಅನೇಕ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಕೊಡುತ್ತವೆ. ಹೊರರೋಗಿಯಾಗಿ ಪಡೆದ ಆಪ್ತಸಮಾಲೋಚನೆಗೆ ಕೊಡುವುದಿಲ್ಲ. ಪಾಲಿಸಿಯನ್ನು ಪೋಷಕರೊಡನೆ ಕುಳಿತು ಓದಿರಿ.

ಗಡಿನಾಡಿನವರು ವಿಶೇಷವಾಗಿ ತಿಳಿದಿರಬೇಕಾದ ಮಾತೊಂದಿದೆ. ಅಪಘಾತ ಮಂಗಳೂರಿನಲ್ಲಿ ನಡೆದಿದ್ದರೂ ಕಾಸರಗೋಡಿನ ಕುಟುಂಬ ತಾನು ವಾಸಿಸುವ ಪ್ರದೇಶದ ನ್ಯಾಯಮಂಡಳಿಯಲ್ಲೇ ಅರ್ಜಿ ಸಲ್ಲಿಸಬಹುದು. ತಿದ್ದುಪಡಿಯಾದ ಕಾಯ್ದೆ ಹೇಳುವ ಅವಧಿ ಆರು ತಿಂಗಳು. ಪರರಾಜ್ಯದ ಕೋರ್ಟಿಗೆ ಅಲೆಯಬೇಕೆಂಬ ಅಂಜಿಕೆಯಲ್ಲಿ ಆ ಅವಧಿ ಕಳೆದುಹೋಗಬಾರದು.

ಇನ್ನು ನಮ್ಮ ಪಾತ್ರ. ವೈದ್ಯರು ಮಲಯಾಳದಲ್ಲಿಯೋ ತಮಿಳಿನಲ್ಲಿಯೋ ಕೇಳಿದಾಗ ಮಗು ಹೌದು, ಇಲ್ಲ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ತರಗತಿಯಲ್ಲಿ ಕನ್ನಡದಲ್ಲಿ ಆಡಿದ ಮಾತೇ ಅದರ ನಿಜವಾದ ಹೇಳಿಕೆ. ಅದನ್ನು ದಿನಾಂಕದೊಡನೆ, ಮಗುವಿನ ಮಾತಿನಲ್ಲಿಯೇ ಬರೆದಿಡಿರಿ. ಕಂಡದ್ದನ್ನು ಬರೆಯಿರಿ, ರೋಗದ ಹೆಸರಿಡುವುದು ನಮ್ಮ ಕೆಲಸವಲ್ಲ. ಹಾಜರಿ ಪುಸ್ತಕದಲ್ಲಿ ಬರೆಯಬೇಡಿ, ಎಲ್ಲರೆದುರು ಘಟನೆಯನ್ನು ಹೇಳಿಸಬೇಡಿ. ಭಯ ತಿಂಗಳು ಮೀರಿ ಉಳಿದರೆ ವೈದ್ಯರಲ್ಲಿಗೆ ಕಳುಹಿಸಲೇಬೇಕು. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಉಚಿತ ಸಲಹೆ ದೊರೆಯುತ್ತದೆ. ಪರಿಹಾರ ಹೆಚ್ಚು ಸಿಗಲೆಂದು ಚಿಕಿತ್ಸೆಯನ್ನು ಮುಂದೂಡುವ ಬಂಧುಗಳನ್ನೂ ಕಂಡಿದ್ದೇನೆ. ಅಲ್ಲಿ ಶಿಕ್ಷಕರು ದಾಕ್ಷಿಣ್ಯ ಬಿಟ್ಟು ಮಗುವಿನ ಪರ ನಿಲ್ಲಬೇಕು.

ಆ ಬಾಲಕಿಯ ತರಗತಿ ಶಿಕ್ಷಕಿಯ ಪಾಠಟಿಪ್ಪಣಿಯ ಕೊನೆಯ ಪುಟದಲ್ಲಿ ಏಳು ದಿನಾಂಕಗಳಿದ್ದವು. ಒಂದರ ಎದುರು, "ಲಾರಿಯ ಲೈಟು ಕಣ್ಣು ಮುಚ್ಚಿದರೂ ಕಾಣ್ತದೆ ಟೀಚರ್" ಎಂದಿತ್ತು. ಆ ಪುಟವನ್ನು ಮಲಯಾಳಕ್ಕೆ ಅನುವಾದಿಸಿ, ತಾಯಿಯ ಒಪ್ಪಿಗೆ ಪಡೆದು, ವೈದ್ಯರಿಗೆ ಕೊಟ್ಟೆವು. ಅವರು ಅದನ್ನು ಓದಿ, ಚೀಟಿಯಲ್ಲಿ ಬರೆಯತೊಡಗಿದರು.