ಓರೆ ಅಕ್ಷರದ ಅಂದ ಮತ್ತು ಅದರ ಜಾಗ
(ಕರೂರಿನಲ್ಲಿ ಶಿಕ್ಷಕರು ಮತ್ತು ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)

 

ಅಕ್ಷರ ಕಲಿಸುವವರು ಅಕ್ಷರದ ಆಕಾರದ ಬಗ್ಗೆ ಮಾತನಾಡುವುದು ಕಡಿಮೆ. ನಿಮ್ಮ ಮನೆಯಲ್ಲಿರುವ ಯಾವುದಾದರೂ ಲಗ್ನಪತ್ರಿಕೆಯನ್ನು ತೆಗೆದು ನೋಡಿ. ಇಂಗ್ಲಿಷ್‌ನಲ್ಲಿ ವಧೂವರರ ಹೆಸರು ಬಲಕ್ಕೆ ವಾಲಿಕೊಂಡಿರುತ್ತದೆ. ಕೆಳಕ್ಕೆ ಇಳಿಯುವ ಗೆರೆ ದಪ್ಪ, ಮೇಲಕ್ಕೆ ಏರುವ ಗೆರೆ ಕೂದಲೆಳೆಯಷ್ಟು ಸಣ್ಣ, ತುದಿಯಲ್ಲಿ ಚಿಕ್ಕದೊಂದು ಕೊಂಡಿ. ಆ ಕೊಂಡಿಗೆ ಸೆರಿಫ್ ಎಂದೂ, ವಾಲಿದ ಅಕ್ಷರಕ್ಕೆ ಇಟಾಲಿಕ್ ಎಂದೂ ಹೆಸರು.

ಇಟಾಲಿಕ್ ಎಂಬ ಹೆಸರು ಇಟಲಿಯಿಂದ ಬಂದದ್ದು. ವೆನಿಸ್ ನಗರದ ಮುದ್ರಕ ಆಲ್ಡಸ್ ಮನೂಷಿಯಸ್ 1501ರಲ್ಲಿ ವರ್ಜಿಲ್ ಕವಿಯ ಕೃತಿಯನ್ನು ಕೈಯಲ್ಲಿ ಹಿಡಿಯುವಂಥ ಚಿಕ್ಕ ಪುಸ್ತಕವಾಗಿ ಈ ಅಕ್ಷರದಲ್ಲಿ ಅಚ್ಚು ಹಾಕಿದ. ಅಚ್ಚು ಕೊರೆದವನು ಫ್ರಾನ್ಸೆಸ್ಕೊ ಗ್ರಿಫೊ. ಅಂದಿನ ವಿದ್ವಾಂಸರು ವೇಗವಾಗಿ ಬರೆಯುತ್ತಿದ್ದ ಕೈಬರಹವೇ ಅದಕ್ಕೆ ಮಾದರಿ. ಆದ್ದರಿಂದ ಇಟಾಲಿಕ್ ಎಂದರೆ ನೆಟ್ಟಗಿನ ಅಕ್ಷರವನ್ನು ತಳ್ಳಿ ವಾಲಿಸಿದ್ದಲ್ಲ, ಅದಕ್ಕೆ ತನ್ನದೇ ಆಕಾರವಿದೆ. ದಪ್ಪ ಮತ್ತು ಸಣ್ಣ ಗೆರೆಗಳ ಅಂತರ ಬಹಳ ಹಿಗ್ಗಿದ್ದು 18ನೇ ಶತಮಾನದ ಕೊನೆಗೆ, ಪಾರ್ಮಾದ ಬೊಡೋನಿ ಮತ್ತು ಪ್ಯಾರಿಸ್ಸಿನ ಡಿಡೊ ಮನೆತನದವರ ಕಾಲದಲ್ಲಿ. ನುಣುಪಾದ ಕಾಗದ ಮತ್ತು ಒಳ್ಳೆಯ ಶಾಯಿ ಇದ್ದರೆ ಮಾತ್ರ ಆ ಸಣ್ಣ ಗೆರೆ ಅಚ್ಚಿನಲ್ಲಿ ಉಳಿಯುತ್ತದೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಉರ್ದುವಿಗೆ ಬರೋಣ. ನಾವು ಓದುವ ನಸ್ತಾಲೀಕ್ ಬರಹಕ್ಕೆ ಓರೆಯೇ ಸಹಜ. ಪದ ಬಲಗಡೆ ಮೇಲಿನಿಂದ ಶುರುವಾಗಿ ಎಡಗಡೆ ಕೆಳಕ್ಕೆ ಇಳಿಯುತ್ತದೆ. ಓರೆಯಾಗಿ ಕತ್ತರಿಸಿದ ಬೋರು ಕಲಮಿನ ಮೂತಿಯಿಂದಲೇ ದಪ್ಪ, ಸಣ್ಣ ಎರಡೂ ಹುಟ್ಟುತ್ತವೆ. ಅಲಿಫ್ ತೆಳ್ಳಗೆ ನಿಂತರೆ, ಬೇ ಅಕ್ಷರದ ಹಾಸು ದಪ್ಪಗೆ ಮಲಗುತ್ತದೆ. ಹೀಗೆ ಇಳಿಯುವ ಬರಹವನ್ನು ಬಿಡಿಬಿಡಿ ಮೊಳೆಗಳಲ್ಲಿ ಜೋಡಿಸುವುದು ಬಹಳ ಕಷ್ಟ. ಅದಕ್ಕೇ ಉರ್ದು ಮುದ್ರಣ ಬಹುಕಾಲ ಕಾತಿಬರ ಕೈ ಮತ್ತು ಕಲ್ಲಚ್ಚನ್ನು ನಂಬಿಕೊಂಡಿತ್ತು. ಚೆನ್ನೈನಲ್ಲಿ 1927ರಲ್ಲಿ ಆರಂಭವಾದ ‘ದಿ ಮುಸಲ್ಮಾನ್’ ಪತ್ರಿಕೆ ಕೈಬರಹದಿಂದಲೇ ಹೆಸರಾಯಿತು. 1981ರಲ್ಲಿ ಮಿರ್ಜಾ ಅಹ್ಮದ್ ಜಮೀಲ್ ಅವರು ಬರೆದುಕೊಟ್ಟ ಸಾವಿರಾರು ಕೂಡುರೂಪಗಳಿಂದ ಮೊನೊಟೈಪ್ ಸಂಸ್ಥೆಯ ‘ನೂರಿ ನಸ್ತಾಲೀಕ್’ ಬಂದ ಮೇಲೆಯೇ ಈ ಓರೆ ಬರಹ ಯಂತ್ರಕ್ಕೆ ಒಗ್ಗಿತು.

ಕನ್ನಡಕ್ಕೂ ಕಲ್ಲಚ್ಚಿನ ನಂಟಿದೆ, ಅದರಲ್ಲಿ ನಮ್ಮ ಬಳ್ಳಾರಿಯ ಪಾಲೂ ಇದೆ. 1843ರಲ್ಲಿ ಮೋಗ್ಲಿಂಗ್ ಅವರು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ ಮರುವರ್ಷ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ವಾಯಿತು. ಆದರೆ ಕನ್ನಡದ ಅಕ್ಷರ ದುಂಡಗಿನದು. ಅದಕ್ಕೆ ತನ್ನದೇ ಆದ ಇಟಾಲಿಕ್ ರೂಪದ ಪರಂಪರೆ ಇಲ್ಲ. ಕಂಪ್ಯೂಟರಿನಲ್ಲಿ ಇಟಾಲಿಕ್ ಗುಂಡಿ ಒತ್ತಿದರೆ ಅಕ್ಷರ ಸುಮ್ಮನೆ ಒಂದು ಕಡೆಗೆ ಜರುಗುತ್ತದೆ, ಅಷ್ಟೆ. ದುಂಡು ಹೋಗಿ ಮೊಟ್ಟೆಯಾಗುತ್ತದೆ, ಒತ್ತಕ್ಷರ ಪಕ್ಕದ ಅಕ್ಷರದ ಕಾಲಡಿಗೆ ಹೋಗುತ್ತದೆ. ಇದನ್ನು ಚೆಂದ ಎನ್ನುವವರಿದ್ದಾರೆ, ನನಗಂತೂ ಹಿಡಿಸದು. ಕನ್ನಡದಲ್ಲಿ ಒತ್ತಿ ಹೇಳಬೇಕಾದರೆ ದಪ್ಪ ಅಕ್ಷರ ಹಾಕಿ, ಗಾತ್ರ ಹೆಚ್ಚಿಸಿ.

ಅಂದವಾದ ಅಕ್ಷರ ಬೇಡವೆಂದು ನಾನು ಹೇಳುತ್ತಿಲ್ಲ. ಹೆಸರು, ಪುಸ್ತಕದ ಮುಖಪುಟ, ಪ್ರಶಸ್ತಿಪತ್ರದ ಮೇಲ್ಸಾಲು, ಅತ್ತರಿನ ಡಬ್ಬಿ ಇವೆಲ್ಲ ಅದರ ಜಾಗಗಳೇ. ಅಲ್ಲಿ ಅಕ್ಷರ ದೊಡ್ಡದು, ಪದ ಎರಡೋ ಮೂರೋ, ಕಾಗದ ಒಳ್ಳೆಯದು. ತೊಂದರೆ ಬರುವುದು ಅದೇ ಅಕ್ಷರವನ್ನು ಚಿಕ್ಕದು ಮಾಡಿ ಪ್ರಶ್ನೆಪತ್ರಿಕೆಗೆ, ವಿದ್ಯಾರ್ಥಿವೇತನದ ಪ್ರಕಟಣೆಗೆ ಹಾಕಿದಾಗ. ಅದನ್ನು ಜೆರಾಕ್ಸ್ ಮಾಡುತ್ತೇವೆ, ಜೆರಾಕ್ಸಿನ ಜೆರಾಕ್ಸ್ ಮಾಡುತ್ತೇವೆ. ಮೊದಲು ಸಾಯುವುದು ಸಣ್ಣ ಗೆರೆ.

ಸಣ್ಣ ಗೆರೆ ಹೋದರೆ ಹೋಗಲಿ ಎನ್ನುವಂತಿಲ್ಲ. ಕನ್ನಡದಲ್ಲಿ ಹೊಟ್ಟೆ ಸೀಳುವ ಆ ಚಿಕ್ಕ ಗೆರೆ ಅಳಿಸಿದರೆ ‘ಧನ’ ‘ದನ’ವಾಗುತ್ತದೆ. ಉರ್ದುವಿನಲ್ಲಿ ಒಂದು ನುಕ್ತಾ ಅಳಿಸಿದರೆ ‘ದಗಾ’ ಹೋಗಿ ‘ದುಆ’ ಆಗುತ್ತದೆ. ದೊಡ್ಡವರು ಸಂದರ್ಭ ನೋಡಿ ತಿದ್ದಿಕೊಳ್ಳುತ್ತೇವೆ. ಮೂರನೇ ತರಗತಿಯ ಮಗು ಕಂಡದ್ದನ್ನೇ ಓದುತ್ತದೆ, ತಪ್ಪು ತನ್ನದೇ ಎಂದುಕೊಳ್ಳುತ್ತದೆ. ನಮ್ಮ ಮಕ್ಕಳು ಒಂದನ್ನು ಬಲದಿಂದ ಎಡಕ್ಕೆ, ಎರಡನ್ನು ಎಡದಿಂದ ಬಲಕ್ಕೆ, ಹೀಗೆ ಮೂರು ಲಿಪಿ ಕಲಿಯುತ್ತಾರೆ. ಅವರಿಗೆ ಅಷ್ಟು ಹೊರೆ ಸಾಕು. ಇನ್ನು ಅಂಕಿಗಳ ವಿಷಯ: ಮಂಕಾದ ಪ್ರತಿಯಲ್ಲಿ ಅರ್ಜಿಯ ಕೊನೆಯ ದಿನಾಂಕ 3 ಎಂದು ಓದಬೇಕೋ 8 ಎಂದು ಓದಬೇಕೋ ತಿಳಿಯದಿದ್ದರೆ, 8 ಎಂದುಕೊಂಡ ತಾಯಿಯ ಮಗಳ ಒಂದು ವರ್ಷದ ಹಣ ಹೋದಂತೆಯೇ.

ಆದ್ದರಿಂದ ಡಿ.ಟಿ.ಪಿ. ಅಂಗಡಿಗೆ ಹೋದಾಗ ‘ಚೆಂದ ಮಾಡಿಕೊಡಿ’ ಎಂದಷ್ಟೇ ಹೇಳಿ ಬರಬೇಡಿ. ತಲೆಬರಹಕ್ಕೆ ನಿಮ್ಮಿಷ್ಟದ್ದು ಹಾಕಿಸಿ. ಒಳಗಿನ ವಿಷಯಕ್ಕೆ ನೆಟ್ಟಗಿನ, ಗೆರೆಗಳು ಹೆಚ್ಚು ಕಡಿಮೆ ಒಂದೇ ದಪ್ಪವಿರುವ ಅಕ್ಷರ ಕೇಳಿ. ಉರ್ದುವಿಗೆ ನಸ್ತಾಲೀಕ್ ಇರಲಿ, ಆದರೆ ಗಾತ್ರ ದೊಡ್ಡದಿರಲಿ, ಸಾಲುಗಳ ನಡುವೆ ಜಾಗವಿರಲಿ. ಮೊದಲ ಪ್ರತಿಯನ್ನು ಒಮ್ಮೆ ಜೆರಾಕ್ಸ್ ಮಾಡಿಸಿ, ಮನೆಯ ಹಿರಿಯರೊಬ್ಬರ ಕೈಗೂ ಚಿಕ್ಕ ಮಗುವೊಂದರ ಕೈಗೂ ಕೊಟ್ಟು ಓದಿಸಿ. ಅವರು ತಡವರಿಸಿದ ಕಡೆ ಪೆನ್ಸಿಲ್ ಗುರುತು ಹಾಕಿ, ಅಂಗಡಿಯವರಿಗೆ ವಾಪಸ್ ಕೊಡಿ.